ಅತ್ತೆಯ ಒಪ್ಪೊತ್ತು, ಸಕ್ಕರೆ ಮಾತ್ರೆ ಮತ್ತೆ ನನ್ನ ವಿಭೂತಿ

ದಾವಣಗೆರೆಯಿಂದ ಓದುಗರೊಬ್ಬರು ಸ್ವಲ್ಪ ಕೋಪದಲ್ಲೇ ಪತ್ರ ಬರೆದಿದಾರೆ. ಅವರ ಅತ್ತೆಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ, ಶ್ರಾವಣ ಶನಿವಾರ ಒಪ್ಪೊತ್ತು ಮಾಡ್ತಾರೆ. ಕಳೆದ ಶ್ರಾವಣದಲ್ಲಿ ಬೆಳಗ್ಗೆ ಮಾತ್ರೆ ನುಂಗಿ, ಸಂಜೆ ಪೂಜೆವರೆಗೂ ಏನೂ ತಿನ್ನದೆ ಇದ್ದು, ಬೆವರಿ ಕುಸಿದು ಬಿದ್ರಂತೆ. ಆಸ್ಪತ್ರೇಲಿ ಡಾಕ್ಟ್ರು "ಈ ಮೂಢನಂಬಿಕೆ ಎಲ್ಲ ಬಿಡಿ" ಅಂತ ಎಲ್ಲರ ಮುಂದೆ ಬೈದ್ರು, ಅವತ್ತಿಂದ ಅತ್ತೆ ಯಾವ ಡಾಕ್ಟ್ರ ಹತ್ರಾನೂ ಹೋಗ್ತಿಲ್ಲ, ಗಂಡ ಬೇರೆ ಅಮ್ಮನ ಕಡೆ. ಕೊನೇಲಿ ನನಗೇ ಪ್ರಶ್ನೆ: "ನೀವು ಎಂಡಿ ಓದಿದೋರು, ಪತ್ರಿಕೇಲಿ ಹಣೆಗೆ ವಿಭೂತಿ ಇರೋ ಫೋಟೋ ಹಾಕ್ತೀರಿ. ನೀವೇ ಹೀಗಾದ್ರೆ ನಾನು ನಮ್ಮತ್ತೆಗೆ ಯಾವ ಬಾಯಲ್ಲಿ ಬುದ್ಧಿ ಹೇಳ್ಲಿ?"

ನಮಸ್ಕಾರ ಅಮ್ಮ,

ಮೊದಲು ನಿಮ್ಮ ಅತ್ತೆ ವಿಷಯ, ನನ್ನ ವಿಭೂತಿ ಆಮೇಲೆ.

ಅವರನ್ನ ಬೀಳಿಸಿದ್ದು ಉಪವಾಸ ಒಂದೇ ಅಲ್ಲ, ಉಪವಾಸದ ದಿನಾನೂ ಎಂದಿನ ಹಾಗೇ ನುಂಗಿದ ಮಾತ್ರೆ. ಗ್ಲಿಮೆಪಿರೈಡ್ ಥರದ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ಹಾಕಿಸುತ್ತೆ, ನೀವು ಊಟ ಮಾಡಿದೀರೋ ಇಲ್ವೋ ಅಂತ ಅದು ಕೇಳಲ್ಲ, ಹೊಟ್ಟೆ ಖಾಲಿ ಇದ್ರೆ ಸಕ್ಕರೆ ಇಳಿತಾನೇ ಹೋಗುತ್ತೆ, ಮೊದಲು ಬೆವರು, ಕೈ ನಡುಕ, ಎದೆ ಡವಡವ, ಆಮೇಲೆ ಮಾತು ತೊದಲುತ್ತೆ, ಕಣ್ಣು ಕತ್ತಲೆ ಬರುತ್ತೆ. ಇನ್ಸುಲಿನ್ ಇಂಜೆಕ್ಷನ್ ತಗೊಳ್ಳೋರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳೋರಿಗೆ ಈ ಭಯ ತೀರಾ ಕಡಿಮೆ. ಡಪಾಗ್ಲಿಫ್ಲೋಜಿನ್ ಅಂತ ಇನ್ನೊಂದಿದೆ, ಅದು ಸಕ್ಕರೆನ ಮೂತ್ರದಲ್ಲಿ ಕಳಿಸುತ್ತೆ, ಜೊತೆಗೆ ನೀರೂ ಹೋಗುತ್ತೆ, ಅದನ್ನ ತಗೊಂಡು ನಿರ್ಜಲ ಏಕಾದಶಿ ಮಾಡಿದ್ರೆ ತೊಂದರೇನೇ. ಹಾಗಾಗಿ ನಿಮ್ಮತ್ತೆ ಚೀಟೀಲಿ ಯಾವ ಮಾತ್ರೆ ಇದೆ ಅನ್ನೋದೇ ಇಲ್ಲಿ ಮುಖ್ಯ. ಅದನ್ನ ನೋಡಿ ಡೋಸ್ ಬದಲಾಯಿಸೋದು ಡಾಕ್ಟ್ರ ಕೆಲಸ, ಆದ್ರೆ ನಾಳೆ ಉಪವಾಸ ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಕಲ್ವಾ?

ನನ್ನ ಮುಸ್ಲಿಂ ಪೇಷೆಂಟ್‌ಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ರಂಜಾನ್ ಶುರುವಾಗೋಕೆ ಮುಂಚೆನೇ ಬಂದು "ಮೇಡಂ, ರೋಜಾ ಇಡ್ತೀನಿ, ಮಾತ್ರೆ ಟೈಮ್ ಚೇಂಜ್ ಮಾಡಿ ಕೊಡಿ" ಅಂತಾರೆ. ಕುರಾನ್‌ನಲ್ಲೇ ಕಾಯಿಲೆ ಇದ್ದೋರಿಗೆ, ಪ್ರಯಾಣದಲ್ಲಿ ಇರೋರಿಗೆ ವಿನಾಯ್ತಿ ಇದೆ, ಬೇರೆ ದಿನ ತೀರಿಸಬಹುದು, ಅದನ್ನ ನೆನಪಿಸಿದ್ರೆ ಕೆಲವರು ಒಪ್ಪಿ ಬಿಡ್ತಾರೆ, ಕೆಲವರು ಒಪ್ಪಲ್ಲ, ಒಪ್ಪದೇ ಇದ್ದೋರಿಗೂ ಒಂದು ದಾರಿ ಮಾಡಿ ಕಳಿಸ್ತೀನಿ. ನಮ್ಮವರು ಮಾತ್ರ "ಒಂದು ದಿನದ್ದು ತಾನೇ" ಅಂತ ಬಾಯೇ ಬಿಡಲ್ಲ. ಕೇಳಿದ್ರೆ ಬೈತಾರೆ ಅಂತ ಭಯ ಬೇರೆ. ನಿಮ್ಮತ್ತೆಗೆ ಆಗಿದ್ದೂ ಅದೇ, ಬೈದ ಮೇಲೆ ಒಪ್ಪೊತ್ತು ಬಿಡ್ಲಿಲ್ಲ, ಡಾಕ್ಟ್ರನ್ನ ಬಿಟ್ರು. ನನಗೆ ಸಂಕಟ ಆಗೋದು ಇಲ್ಲೇ. ಮುಚ್ಚಿಟ್ಟ ಉಪವಾಸ, ಮುಚ್ಚಿಟ್ಟ ಹರಕೆ, ಮುಚ್ಚಿಟ್ಟ ನಾಟಿ ಔಷಧಿ, ಇವೇ ನನ್ನ ಪೇಷೆಂಟ್‌ಗಳಿಗೆ ಜಾಸ್ತಿ ತೊಂದರೆ ಕೊಟ್ಟಿರೋದು.

ಸರ್ಪಸುತ್ತು ತಗೊಳ್ಳಿ. ಚಿಕ್ಕವರಿದ್ದಾಗ ಚಿಕನ್‌ಪಾಕ್ಸ್ ಬಂದು ಹೋಗಿರುತ್ತಲ್ಲ, ನಮ್ಮ ಕಡೆ ಅಮ್ಮ ಅಂತೀವಿ, ಅದೇ ವೈರಸ್ ನರದ ಬುಡದಲ್ಲಿ ಸುಮ್ಮನೆ ಕೂತಿದ್ದು ವಯಸ್ಸಾದ ಮೇಲೆ ಮತ್ತೆ ಏಳುತ್ತೆ. ಜನ ನಾಗದೋಷ ಅಂತ ಕೆಮ್ಮಣ್ಣು ಬಳಿಸಿ, ಕುಕ್ಕೆಗೆ ಹರಕೆ ಕಟ್ಟಿ, ಉರಿ ತಡೆಯೋಕೆ ಆಗದೆ ನಮ್ಮ ಹತ್ರ ಬರೋದು ವಾರ ಆದ್ಮೇಲೆ. ಗುಳ್ಳೆ ಎದ್ದ 72 ಗಂಟೆ ಒಳಗೆ ಶುರು ಮಾಡಿದ್ರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಮೂಗಿನ ತುದೀಲಿ ಗುಳ್ಳೆ ಕಂಡ್ರೆ ಕಣ್ಣಿಗೂ ಇಳಿಯೋ ಅಪಾಯ, ಅವತ್ತೇ ಕಣ್ಣಿನ ಡಾಕ್ಟ್ರಿಗೆ ತೋರಿಸ್ಬೇಕು. ನಾನು ಹೇಳೋದು ಇಷ್ಟೇ, ಹರಕೆ ಕಟ್ಕೊಳ್ಳಿ, ಕುಕ್ಕೆಗೆ ವಾಸಿ ಆದ್ಮೇಲೆ ಹೋಗಿ ಬನ್ನಿ, ಮಾತ್ರೆ ಈಗಲೇ ನುಂಗಿ. ಸುಬ್ರಹ್ಮಣ್ಯನ್ನ ಬೈದಿದ್ರೆ ಅವರು ಎದ್ದು ಹೋಗ್ತಿದ್ರು.

ಹಾಗಂತ ಎಲ್ಲದಕ್ಕೂ ತಲೆ ಆಡಿಸ್ತೀನಿ ಅಂದ್ಕೋಬೇಡಿ. ಹಾವು ಕಚ್ಚಿದೋರನ್ನ ಮಂತ್ರ ಹಾಕ್ಸೋಕೆ ಕರ್ಕೊಂಡು ಹೋದ್ರೆ ಅಲ್ಲಿ ನನ್ನ ಹತ್ರ ಯಾವ ರಾಜಿನೂ ಇಲ್ಲ.

ಇನ್ನು ನನ್ನ ವಿಭೂತಿ. ದೇವರು ಯಾರದೋ ಸಕ್ಕರೆ ಇಳಿಸ್ತಾನೆ ಅಂತ ನಾನು ನಂಬಿಲ್ಲಮ್ಮ, ಪೂಜೇಲಿ ಹಾಗೆ ಕೇಳ್ಕೊಂಡೂ ಇಲ್ಲ. ಬೆಳಗ್ಗೆ ಲಿಂಗಪೂಜೆಗೆ ಕೂತಾಗ ಫೋನ್ ಇರಲ್ಲ, ವಾರ್ಡ್ ಇರಲ್ಲ, ಆ ಹತ್ತು ನಿಮಿಷ ಇಲ್ಲದ ದಿನ ನನ್ನ ಮಾತು ಒರಟಾಗುತ್ತೆ ಅಂತ ನಮ್ಮ ಮನೆಯವ್ರೇ ಹೇಳ್ತಾರೆ. ನಮ್ಮಮ್ಮಂಗೂ ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ಮರೀತಾ ಇದ್ರು, ಕೊನೆಗೆ ಸ್ಟ್ರಿಪ್‌ನ ದೇವರ ಮನೆ ಗೂಡಲ್ಲಿ ವಿಭೂತಿ ಗಟ್ಟಿ ಪಕ್ಕ ಇಟ್ವಿ, ಪೂಜೆ ಮುಗಿಸಿ ಎದ್ದು ತಿಂಡಿಗೆ ಬರುವಾಗ ಕೈಯಲ್ಲಿ ಮಾತ್ರೆ ಹಿಡ್ಕೊಂಡೇ ಬರೋರು. ಪೂಜೆ ತಪ್ಪಿಸಿದೋರಲ್ಲ, ಹಾಗಾಗಿ ಮಾತ್ರೆನೂ ತಪ್ಪಲಿಲ್ಲ.

ಐಸಿಯುನಲ್ಲಿ ಇನ್ನು ಏನೂ ಮಾಡೋಕೆ ಆಗಲ್ಲ ಅನ್ನೋ ಹೊತ್ತಲ್ಲಿ ಮಗನೋ ಮಗಳೋ ಬಂದು "ಗಂಗಾಜಲ ಹಾಕಬಹುದಾ?" ಅಂತ ಮೆಲ್ಲಗೆ ಕೇಳ್ತಾರೆ. ಪ್ರಜ್ಞೆ ಇಲ್ಲದವರ ಬಾಯಿಗೆ ಚಮಚದಲ್ಲಿ ನೀರು ಬಿಟ್ರೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ, ಉಸಿರು ಕಟ್ಟುತ್ತೆ. ಅದಕ್ಕೆ ನಾನು ಸಿಸ್ಟರ್ ಹತ್ರ ಒಂಚೂರು ಹತ್ತಿ ತರಿಸಿ, ಅದನ್ನ ನೀರಲ್ಲಿ ಅದ್ದಿ ಹಿಂಡಿ, ಅವರ ಕೈಯಿಂದಲೇ ತುಟಿ ಒದ್ದೆ ಮಾಡಿಸ್ತೀನಿ. ಮನೆಯವರಿಗೆ ಅಪ್ಪಂಗೆ ಮಾಡ್ಬೇಕಾದ್ದು ಮಾಡಿದ್ವಿ ಅನ್ನೋ ಸಮಾಧಾನ, ಪೇಷೆಂಟ್‌ಗೆ ಹಿಂಸೆ ಇಲ್ಲ. ಇದನ್ನ ನನಗೆ ಎಂಡಿಯಲ್ಲಿ ಯಾರೂ ಹೇಳಿಕೊಡ್ಲಿಲ್ಲ, ನಂಬೋರ ಮನೇಲಿ ಬೆಳೆದಿದ್ದಕ್ಕೆ ಗೊತ್ತಾಯ್ತು ಅಂತ್ಲೇ ನಾನು ತಿಳ್ಕೊಂಡಿದೀನಿ.

ಈಗ ನೀವು ಮಾಡ್ಬೇಕಾದ್ದು. ಬುದ್ಧಿ ಹೇಳೋದು ಬಿಟ್ಬಿಡಿ. ಆಷಾಢದಲ್ಲೇ, ಶ್ರಾವಣಕ್ಕೆ ಇನ್ನೂ ಎರಡು ಮೂರು ವಾರ ಇರುವಾಗ, ಬೇರೆ ಒಬ್ಬ ಡಾಕ್ಟ್ರನ್ನ ನೋಡಿ. ನಿಮ್ಮ ಯಜಮಾನ್ರು ಬರಲೇಬೇಕು, ಅತ್ತೆ ಮಗನ ಮಾತು ಕೇಳ್ತಾರೆ ಅಂತ ನೀವೇ ಬರೆದಿದೀರಲ್ಲ. "ಶನಿವಾರ ಒಪ್ಪೊತ್ತು ಇರ್ತಾರೆ, ಮಾತ್ರೆ ಹೇಗೆ?" ಅಂತ ನೇರವಾಗಿ ಕೇಳಿ. ಒಂದೇ ಹೊತ್ತಿನ ಊಟ ಮಧ್ಯಾಹ್ನಕ್ಕೆ ತರೋಕೆ ಆಗುತ್ತಾ ಅಂತ ಅತ್ತೆ ಹತ್ರಾನೇ ಕೇಳಿ ನೋಡಿ, ಪೂಜೆ ಬೆಳಗ್ಗೆನೇ ಮುಗಿಸೋರೂ ಇದಾರೆ. ಫಲಾಹಾರ ಅಂತ ಸಬ್ಬಕ್ಕಿ, ಬಾಳೆಹಣ್ಣು ಒಟ್ಟಿಗೆ ಜಾಸ್ತಿ ತಿಂದ್ರೂ ಸಕ್ಕರೆ ಏರುತ್ತೆ. ಗ್ಲುಕೋಮೀಟರ್ ಇಟ್ಕೊಳ್ಳಿ, ಮಧ್ಯಾಹ್ನ ಒಂದ್ಸಲ, ಸಂಜೆ ಒಂದ್ಸಲ, ಸುಸ್ತು ಅಂದಾಗೆಲ್ಲ ನೋಡಿ. 70ಕ್ಕಿಂತ ಕೆಳಗೆ ಇಳಿದ್ರೂ 300 ದಾಟಿದ್ರೂ ಅವತ್ತಿನ ಉಪವಾಸ ಅಲ್ಲಿಗೇ ನಿಲ್ಲಿಸ್ಬೇಕು, ಇದನ್ನ ಅತ್ತೆ ಹತ್ರ ಮೊದಲೇ ಒಪ್ಪಿಸ್ಕೊಳ್ಳಿ. ಇಳಿದಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋದ ಮೇಲೆ ಊಟ ಹಾಕಿ. ಕರೆದ್ರೆ ಮಾತಾಡ್ತಿಲ್ಲ ಅಂದ್ರೆ ಬಾಯಿಗೆ ಏನೂ ಹಾಕ್ಬೇಡಿ, ತೀರ್ಥಾನೂ ಬೇಡ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

- ಸಂಪಾದಕಿ