ಡಿಸೈನ್ ಮೈನರ್ ರಿವ್ಯೂನಲ್ಲಿ ‘ಸಮಸ್ಯೆ ಸ್ಪಷ್ಟವಿಲ್ಲ’ ಅಂತ ಎರಡು ಸಲ ವಾಪಸ್: ಪ್ರತಿಕ್ರಿಯೆ

ನಿಮ್ಮ ‘ಸೆನ್ಸರ್ ಇರುವ ಅಡಿಕೆ ಡ್ರೈಯರ್’ ಪ್ರಾಜೆಕ್ಟ್ ರಿವ್ಯೂನಲ್ಲಿ ಎರಡು ಸಲ ವಾಪಸ್ ಬಂತು ಅಂದಿದ್ದೀರಿ. ನೀವು ಬಹುಶಃ ಸಮಸ್ಯೆಯ ಜಾಗದಲ್ಲಿ ಪರಿಹಾರ ಬರೆದಿದ್ದೀರಿ. ಕಂಪ್ಯೂಟರ್ ಸೈನ್ಸ್‌ನಿಂದ ಎಂಜಿನಿಯರಿಂಗ್ ಡಿಸೈನ್ ಮೈನರ್‌ಗೆ (ಪದವಿಯ ಜೊತೆ ಓದುವ ಉಪವಿಷಯ) ಬಂದವರು ಎಡವುವುದು ಇಲ್ಲೇ, ನಾನೂ ಎಡವಿದ್ದೆ. ‘ಸೆನ್ಸರ್ ಇರುವ ಅಡಿಕೆ ಡ್ರೈಯರ್’ ಅನ್ನುವುದು ಯಂತ್ರದ ಹೆಸರು, ಬೆಳೆಗಾರನ ತೊಂದರೆ ಅಲ್ಲ.

ಮೊದಲು ಸೆನ್ಸರ್, ಆ್ಯಪ್, ಡ್ರೈಯರ್ ಈ ಮೂರೂ ಪದ ಬಿಟ್ಟು ಬರೆಯಿರಿ. ಉದಾಹರಣೆಗೆ: ‘ಚಾಲಿ ಅಡಿಕೆ (ಹಣ್ಣಡಿಕೆಯನ್ನು ಸಿಪ್ಪೆಸಹಿತ ಒಣಗಿಸಿದ್ದು) ಅಂಗಳದ ಬಿಸಿಲಲ್ಲಿ ಸುಮಾರು 40 ದಿನ ಒಣಗಬೇಕು, ನಡುವೆ ಮಳೆ ಬಂದರೆ ಬೂಸ್ಟು ಹಿಡಿದು ದರ ಇಳಿಯುತ್ತದೆ.’

ಆಮೇಲೆ ಎರಡು ಮೂರು ಬೆಳೆಗಾರರನ್ನು ಅವರ ಅಂಗಳದಲ್ಲೇ ಮಾತಾಡಿಸಿ. ಗೂಗಲ್ ಫಾರ್ಮ್ ಕಳಿಸಬೇಡಿ, ಅದರಲ್ಲಿ ಎಲ್ಲರೂ ‘ಉಪಯುಕ್ತ’ ಅಂತಲೇ ಒತ್ತುತ್ತಾರೆ. ಅವರು ಹೇಳಿದ್ದನ್ನು ಅಳತೆಗೆ ಸಿಗುವಂತೆ ಬರೆದುಕೊಳ್ಳಿ. ‘ಮಳೆ ಬಂದರೆ ಅಡಿಕೆ ಬೇಗ ಮುಚ್ಚಬೇಕು’ ಅಂದರೆ ಎಷ್ಟು ಜನ, ಎಷ್ಟು ನಿಮಿಷ? ಕರೆಂಟ್ ಹೋದಾಗ? ಎಷ್ಟು ಖರ್ಚು ಮಾಡಿಯಾರು?

ಪರಿಹಾರಕ್ಕೆ ಕೈ ಹಾಕುವುದು ಇದಾದ ಮೇಲೆ, ಅದೂ ಕನಿಷ್ಠ ಮೂರು ಬೇರೆಬೇರೆ ಐಡಿಯಾ ಇಟ್ಟುಕೊಂಡು. ಪ್ಯೂ ಮ್ಯಾಟ್ರಿಕ್ಸ್ (ಐಡಿಯಾಗಳನ್ನು ಒಂದು ಆಧಾರಕ್ಕೆ ಹೋಲಿಸುವ ಕೋಷ್ಟಕ) ಹಾಕಿ: ಈಗಿನ ಟಾರ್ಪಾಲು ಪದ್ಧತಿಯೇ ಆಧಾರ, ಉಳಿದವು ಅದಕ್ಕಿಂತ ಮೇಲಾದರೆ +, ಕಡಿಮೆಯಾದರೆ −, ಸಮವಾದರೆ 0. ನಿಮ್ಮ ಸೆನ್ಸರ್ ಐಡಿಯಾ ಸೋತರೆ ಸೋಲಲಿ, ಆ ಪುಟ ಮಾತ್ರ ಅಡಗಿಸಬೇಡಿ. ನನ್ನ ರಿವ್ಯೂನಲ್ಲಿ ಹೆಚ್ಚು ಹೊತ್ತು ನೋಡಿದ್ದು ಅದನ್ನೇ.

ಕ್ಯಾಡ್ ಮಾಡೆಲ್ (ಕಂಪ್ಯೂಟರ್‌ನಲ್ಲಿ ಬಿಡಿಸಿದ ವಿನ್ಯಾಸ) ಈಗಲೇ ಬೇಡ, ರಟ್ಟಿನ ಮಾದರಿ ಸಾಕು ಅನ್ನಿಸುತ್ತದೆ. ಆದರೆ ಅಂಕ ಹಂಚಿಕೆ ವಿಭಾಗದಿಂದ ವಿಭಾಗಕ್ಕೆ ಬೇರೆ. ಮೊದಲ ರಿವ್ಯೂಗೇ ಡ್ರಾಯಿಂಗ್‌ಗೆ ಅಂಕ ಇದೆಯಾ ಅಂತ ಗೈಡ್ ಹತ್ತಿರ ನಾಳೆಯೇ ಕೇಳಿ.