ಓದುಗರ ಪ್ರಶ್ನೆಗಳು: ಎಂಎಸ್‌ಡಬ್ಲ್ಯು ಓದು, ಕ್ಷೇತ್ರಕಾರ್ಯ, ವರದಿ

ಪ್ರಶ್ನೆ: ನಾನು ವಿಜ್ಞಾನ ಪದವೀಧರೆ. ಸಮಾಜಶಾಸ್ತ್ರ, ಮನಃಶಾಸ್ತ್ರ ಯಾವುದನ್ನೂ ಓದಿಲ್ಲ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಿದರೆ ಬಿಎಸ್‌ಡಬ್ಲ್ಯು (ಅದೇ ವಿಷಯದ ಪದವಿ) ಮಾಡಿ ಬಂದವರ ಸಮಕ್ಕೆ ನಿಲ್ಲಲು ಆಗುತ್ತದೆಯೇ? ಕಾಲೇಜು ಆರಿಸುವಾಗ ಏನು ನೋಡಬೇಕು?

ಉತ್ತರ: ಆಗುತ್ತದೆ. ಯಾವ ಪದವಿ ಓದಿದವರನ್ನೂ ಸೇರಿಸಿಕೊಳ್ಳುವ ವಿಭಾಗಗಳು ಬಹಳ ಇವೆ; ಎರಡು ವರ್ಷದ ಕೋರ್ಸಿನಲ್ಲಿ ಮೊದಲ ವರ್ಷವನ್ನು ಬುನಾದಿಗೇ ಮೀಸಲಿಡುತ್ತಾರೆ. ಬಿಎಸ್‌ಡಬ್ಲ್ಯು ಮಾಡಿದವರಿಗೆ ಪರಿಭಾಷೆ ಗೊತ್ತಿರುತ್ತದೆ, ಮೊದಲ ಮನೆಭೇಟಿಯಲ್ಲಿ ಬಾಯಿ ಕಟ್ಟುವುದಿಲ್ಲ. ಆ ಅಂತರ ಒಂದು ಸೆಮಿಸ್ಟರಿನಲ್ಲಿ ತುಂಬಿಹೋಗುತ್ತದೆ. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರದ ಪತ್ರಿಕೆ ಬಂದಾಗ ನಿಮ್ಮ ಹತ್ತಿರವೇ ಉಳಿದವರು ನೋಟ್ಸ್ ಕೇಳಿಕೊಂಡು ಬರುತ್ತಾರೆ, ನೋಡಿ.

ಕಾಲೇಜಿನ ಕಟ್ಟಡ, ಗ್ರಂಥಾಲಯಗಳಿಗಿಂತ ಮೊದಲು ಕ್ಷೇತ್ರಕಾರ್ಯದ ಬಗ್ಗೆ, ಅಂದರೆ ಒಂದು ಸಂಸ್ಥೆಗೆ ಹೋಗಿ ಜನರ ನಡುವೆ ಕೆಲಸ ಮಾಡಿ ಕಲಿಯುವ ತರಬೇತಿಯ ಬಗ್ಗೆ ವಿಚಾರಿಸಿ. ಇದು ಅಭ್ಯಾಸದ ಮೇಲೆ ನಿಂತ ವೃತ್ತಿ. ಅಂತರರಾಷ್ಟ್ರೀಯ ಸಮಾಜಕಾರ್ಯಕರ್ತರ ಒಕ್ಕೂಟ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆ ಶುರುವಾಗುವುದೇ ಆ ಮಾತಿನಿಂದ. ಅಮೆರಿಕದಲ್ಲಿ ಮಾನ್ಯತೆ ಪಡೆದ ಸ್ನಾತಕೋತ್ತರ ಕೋರ್ಸಿಗೆ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಕಡ್ಡಾಯ. ಬೇರೆ ದೇಶಗಳ ಲೆಕ್ಕ ಬೇರೆ. ಆದರೆ ಗಂಟೆಗಳ ಸಂಖ್ಯೆಯಷ್ಟನ್ನೇ ಕೇಳಿ ಸುಮ್ಮನಾಗಬೇಡಿ. ಒಬ್ಬ ಅಧ್ಯಾಪಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ, ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ವರದಿ ಚರ್ಚಿಸುತ್ತಾರೆಯೇ, ಸಂಸ್ಥೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಸಮಾಜಕಾರ್ಯ ಓದಿದವರೇ ಎಂದು ಈಗಿನ ಎರಡನೇ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ. 'ವರದಿಗೆ ಸಹಿ ಹಾಕಿ ಕೊಡುತ್ತಾರೆ' ಎಂಬ ಉತ್ತರ ಬಂದರೆ ಬೇರೆ ಕಡೆ ನೋಡುವುದು ಒಳ್ಳೆಯದು.

ಪ್ರಶ್ನೆ: ಪ್ರವೇಶಕ್ಕೆ ಬರೆಯುವ ಉದ್ದೇಶ ಪತ್ರದಲ್ಲಿ ಏನಿರಬೇಕು?

ಉತ್ತರ: 'ಬಡವರ ಸೇವೆ ನನ್ನ ಬಾಲ್ಯದ ಕನಸು' ಎಂಬ ಸಾಲು ಇರಬಾರದು. ಆಯ್ಕೆ ಸಮಿತಿಯವರು ಅದನ್ನು ಓದಿ ಓದಿ ಸುಸ್ತಾಗಿರುತ್ತಾರೆ. ನೀವು ಹತ್ತಿರದಿಂದ ಕಂಡ ಒಂದು ಸಮಸ್ಯೆ ಎತ್ತಿಕೊಳ್ಳಿ. ಅದು ಯಾಕೆ ಬಗೆಹರಿಯದೆ ಉಳಿದಿದೆ, ಯಾರ್ಯಾರು ಕೈ ಹಾಕಿದರು, ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಒಂದು ಪುಟದಲ್ಲಿ ಬರೆಯಿರಿ. ನಿಮ್ಮ ಸಂಕಟಗಳನ್ನು ಬರೆಯುವುದಾದರೆ ಎರಡು ಸಾಲು ಸಾಕು. ಉಳಿದ ಜಾಗ ಅದರಿಂದ ಹುಟ್ಟಿದ ಪ್ರಶ್ನೆಗಳಿಗೆ ಇರಲಿ. ಸಂದರ್ಶನದಲ್ಲಿ ನೀವು ಬರೆದ ಸಾಲನ್ನೇ ಹಿಡಿದು ಕೇಳುತ್ತಾರೆ, ಹಾಗಾಗಿ ಗೊತ್ತಿಲ್ಲದ ಸಿದ್ಧಾಂತಗಳ ಹೆಸರು ಬೇಡ.

ಪ್ರಶ್ನೆ: ನನ್ನ ಕೇಸ್ ವರ್ಕ್ (ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದ ಜೊತೆ ಮಾಡುವ ಕೆಲಸ) ವರದಿಗಳನ್ನು ಮೇಡಂ ಪ್ರತಿವಾರ 'ಇದು ವರದಿಯಲ್ಲ, ಸಾರಾಂಶ' ಎಂದು ವಾಪಸ್ ಕೊಡುತ್ತಾರೆ. ನಾಲ್ಕು ಪುಟ ಬರೆದರೂ ಅದೇ ಮಾತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: 'ಸೇವಾರ್ಥಿಯ ಮನೆಗೆ ಭೇಟಿ ನೀಡಲಾಯಿತು. ಕುಟುಂಬದ ಹಿನ್ನೆಲೆ ತಿಳಿದುಕೊಳ್ಳಲಾಯಿತು. ಸೂಕ್ತ ಸಲಹೆ ನೀಡಲಾಯಿತು.' ನಿಮ್ಮ ವರದಿ ಹೀಗಿದ್ದರೆ ಮೇಡಂ ಹೇಳುತ್ತಿರುವುದು ಸರಿ. ಇದರಲ್ಲಿ ನೀವೂ ಇಲ್ಲ, ನಿಮ್ಮಿಂದ ನೆರವು ಪಡೆಯುವ ಸೇವಾರ್ಥಿಯೂ ಇಲ್ಲ. ಯಾವ ಸಲಹೆ, ಯಾವ ಮಾತಿನಲ್ಲಿ ಕೊಟ್ಟಿರಿ, ಕೇಳಿದವರ ಮುಖ ಹೇಗಾಯಿತು ಎಂಬುದು ಕಾಣದಿದ್ದರೆ ಮೇಲ್ವಿಚಾರಕರಿಗೆ ತಿದ್ದಲು ಏನೂ ಸಿಗುವುದಿಲ್ಲ.

ಇಡೀ ಒಂದು ಗಂಟೆಯ ಭೇಟಿಯನ್ನು ಬರೆಯಲು ಹೋಗಬೇಡಿ. ಮೇಲ್ಭಾಗದಲ್ಲಿ ದಿನಾಂಕ, ಸಮಯ, ಸ್ಥಳ, ಇದು ಎಷ್ಟನೆಯ ಭೇಟಿ, ಹೋಗುವಾಗ ನಿಮ್ಮ ಉದ್ದೇಶ ಏನಿತ್ತು ಎಂಬುದು ನಾಲ್ಕೈದು ಸಾಲಿನಲ್ಲಿ ಮುಗಿಯಲಿ. ಆಮೇಲೆ ಮಾತು ಕಗ್ಗಂಟಾದ ಅಥವಾ ತಟ್ಟನೆ ತಿರುವು ಪಡೆದ ಹತ್ತು ನಿಮಿಷವನ್ನು ಮಾತ್ರ ಆರಿಸಿಕೊಳ್ಳಿ. ಹಾಳೆಯನ್ನು ಮೂರು ಅಂಕಣ ಮಾಡಿ: ಆಡಿದ ಮಾತು ಆಡಿದಂತೆ, ಆ ಕ್ಷಣ ನಿಮ್ಮೊಳಗೆ ಏನಾಯಿತು, ಈಗ ನೋಡಿದರೆ ಏನನಿಸುತ್ತದೆ. ಒಂದು ಮಾದರಿ ಕೊಡುತ್ತೇವೆ.

ಮೊದಲ ಅಂಕಣ: ತಾಯಿ — 'ಮಗ ಶಾಲೆಗೆ ಹೋಗಲ್ಲ ಅಂತಾನೆ. ನಾನೇನ್ ಮಾಡ್ಲಿ ಹೇಳಿ.' ನಾನು — 'ಓದು ಮುಖ್ಯ ಅಲ್ವಾ ಅಮ್ಮ?' ತಾಯಿ ತಲೆಯಾಡಿಸಿ ಸುಮ್ಮನಾದರು. ಎರಡನೆಯದು: 'ಏನು ಹೇಳಬೇಕೋ ತೋಚದೆ ಗಾಬರಿಯಾಯಿತು, ಏನಾದರೂ ಹೇಳಲೇಬೇಕು ಅನ್ನಿಸಿತು.' ಮೂರನೆಯದು: 'ಅವರು ತೋಡಿಕೊಂಡದ್ದು ಅಸಹಾಯಕತೆಯನ್ನು, ನಾನು ಕೊಟ್ಟದ್ದು ಉಪದೇಶ. ಮಾತು ಅಲ್ಲಿಗೇ ನಿಂತಿತು. "ಯಾವಾಗಿನಿಂದ ಹೀಗೆ?" ಎಂದು ಕೇಳಬಹುದಿತ್ತು.'

ಇಷ್ಟು ಬರೆದರೆ ಒಂದು ಗಂಟೆಯ ಚರ್ಚೆಗೆ ಸಾಕು. ಎಡವಿದ ಜಾಗವನ್ನು ಬಚ್ಚಿಟ್ಟು ಚೆಂದದ ಸಂಭಾಷಣೆ ಬರೆದು ತಂದವರಿಗೆ ಅಂಕ ಬರಬಹುದು, ಕಲಿಕೆ ಬರುವುದಿಲ್ಲ. ಅನುಭವಿ ಮೇಲ್ವಿಚಾರಕರಿಗೆ ಅದು ಎರಡೇ ಸಾಲಿನಲ್ಲಿ ಗೊತ್ತಾಗುತ್ತದೆ.

ಭೇಟಿಯ ನಡುವೆ ಪುಸ್ತಕ ತೆಗೆದು ಗೀಚುತ್ತಾ ಕೂರಬೇಡಿ. ಹೊರಬಂದ ಕೂಡಲೇ ಏಳೆಂಟು ಸೂಚನಾ ಪದ ಬರೆದುಕೊಂಡು, ಅದೇ ದಿನ ರಾತ್ರಿಯೊಳಗೆ ಪೂರ್ತಿ ಬರೆಯಿರಿ. ಮರುದಿನಕ್ಕೆ ಬಿಟ್ಟರೆ ಅವರ ಮಾತು ಮಸುಕಾಗಿ ನಿಮ್ಮ ಊಹೆ ಆ ಜಾಗದಲ್ಲಿ ಕೂರುತ್ತದೆ. ನಿಜವಾದ ಹೆಸರು, ಮನೆ ವಿಳಾಸ, ಫೋಟೊ ವರದಿಯಲ್ಲಿ ಇರಬಾರದು. ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ವರದಿ ಹಾಕಿ 'ಸರಿಯಿದೆಯಾ ನೋಡ್ರೋ' ಎನ್ನುವುದು ಗೋಪ್ಯತೆಯ ಉಲ್ಲಂಘನೆಯೇ.

ಕುಟುಂಬದ ಸುತ್ತಲಿನ ಸಂಬಂಧಗಳಿಗೆ ಪುಟಗಟ್ಟಲೆ ವಿವರಣೆ ಬೇಡ. ಅಮೆರಿಕದ ಸಮಾಜಕಾರ್ಯ ಅಧ್ಯಾಪಕಿ ಆ್ಯನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ ಇಕೋಮ್ಯಾಪ್ ಎಂಬ ನಕ್ಷೆ ಒಂದೇ ಹಾಳೆಯಲ್ಲಿ ಅದನ್ನು ತೋರಿಸುತ್ತದೆ: ನಡುವೆ ಮನೆ, ಸುತ್ತ ಶಾಲೆ, ಕೆಲಸ, ನೆಂಟರು, ಆಸ್ಪತ್ರೆ, ಗಟ್ಟಿ ನಂಟಿಗೆ ದಪ್ಪ ಗೆರೆ, ತೆಳು ನಂಟಿಗೆ ಚುಕ್ಕೆಗೆರೆ, ಜಗಳವಿದ್ದರೆ ಅಡ್ಡಗೀಟು. ಸಾಧ್ಯವಾದರೆ ಅವರನ್ನೂ ಕೂರಿಸಿಕೊಂಡೇ ಬರೆಯಿರಿ. ಬಾಯಿಬಿಟ್ಟು ಹೇಳದ್ದನ್ನು ಗೆರೆ ಎಳೆಯುವಾಗ ಹೇಳುವವರು ಅನೇಕರು.

ಪ್ರಶ್ನೆ: ಕ್ಷೇತ್ರಕಾರ್ಯಕ್ಕೆ ಹಾಕಿರುವ ಸಂಸ್ಥೆಯಲ್ಲಿ ಡೇಟಾ ಎಂಟ್ರಿ, ಕಾರ್ಯಕ್ರಮದ ಫೋಟೊ ತೆಗೆಯುವುದು ಬಿಟ್ಟು ಬೇರೇನೂ ಕೊಡುತ್ತಿಲ್ಲ. ಸುಮ್ಮನೆ ಮುಗಿಸಿಬಿಡಲೇ?

ಉತ್ತರ: ಬೇಡ. ಸಂಸ್ಥೆಯವರು ಬೇಕೆಂದೇ ಹಾಗೆ ಮಾಡುತ್ತಿದ್ದಾರೆ ಎಂದುಕೊಳ್ಳುವ ಅಗತ್ಯವೂ ಇಲ್ಲ. ವಿದ್ಯಾರ್ಥಿಗೆ ಏನು ಕೊಡಬೇಕೆಂದು ಯಾರೂ ಬರೆದು ಹೇಳದಿದ್ದರೆ ಕೈಗೆ ಸಿಕ್ಕ ಕೆಲಸ ಕೊಡುತ್ತಾರೆ. ಮೊದಲ ಎರಡು ವಾರದೊಳಗೆ ಕಲಿಕೆಯ ಒಪ್ಪಂದ ಬರವಣಿಗೆಯಲ್ಲಿ ಆಗಬೇಕು, ಅದಕ್ಕೆ ನೀವು, ಸಂಸ್ಥೆಯ ಮೇಲ್ವಿಚಾರಕರು, ಕಾಲೇಜಿನ ಅಧ್ಯಾಪಕರು ಮೂವರೂ ಸಹಿ ಹಾಕಬೇಕು. 'ಒಳ್ಳೆಯ ಅನುಭವ ಸಿಗಬೇಕು' ಎಂದು ಅದರಲ್ಲಿ ಬರೆದರೆ ಪ್ರಯೋಜನವಿಲ್ಲ. 'ಈ ಸೆಮಿಸ್ಟರಿನಲ್ಲಿ ಮೂರು ವ್ಯಕ್ತಿಗಳ ಜೊತೆ ಕೇಸ್ ವರ್ಕ್, ಎಂಟು ಸಭೆಗಳ ಒಂದು ಗುಂಪು, ಎರಡು ಸಿಬ್ಬಂದಿ ಸಭೆಗಳಲ್ಲಿ ವೀಕ್ಷಣೆ' ಎಂದು ಎಣಿಸುವ ಹಾಗೆ ಬರೆಯಿರಿ.

ಇಷ್ಟಾದರೂ ಏನೂ ಬದಲಾಗದಿದ್ದರೆ ದಿನವಾರು ಗಂಟೆಗಳ ಪಟ್ಟಿ ಇಟ್ಟು, ನಾಲ್ಕನೇ ವಾರಕ್ಕೆ ಅಧ್ಯಾಪಕರ ಮುಂದಿಡಿ. ದೂರಿನ ದನಿ ಬೇಡ, ಪಟ್ಟಿಯೇ ಮಾತಾಡುತ್ತದೆ. ಸೆಮಿಸ್ಟರ್ ಕೊನೆಗೆ ಹೇಳಿದರೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ. ಅಂದಹಾಗೆ, ಡೇಟಾ ಎಂಟ್ರಿಯೂ ಪೂರ್ತಿ ವ್ಯರ್ಥವಲ್ಲ. ಯಾರ ಅರ್ಜಿ ತಿರಸ್ಕಾರವಾಗುತ್ತದೆ, ಯಾರು ಎರಡನೇ ಬಾರಿ ಬರುವುದೇ ಇಲ್ಲ ಎಂಬುದು ಆ ಕಡತಗಳಲ್ಲೇ ಇರುತ್ತದೆ.

ಪ್ರಶ್ನೆ: ಸೇವಾರ್ಥಿಯೊಬ್ಬರು 'ಯಾರಿಗೂ ಹೇಳಬೇಡಿ' ಎಂದು ಒಂದು ವಿಷಯ ಹೇಳಿದರು. ಅವರ ಜೀವಕ್ಕೆ ಅಪಾಯ ಇರಬಹುದು ಅನ್ನಿಸುತ್ತಿದೆ. ಮಾತು ಕೊಟ್ಟುಬಿಟ್ಟಿದ್ದೇನೆ.

ಉತ್ತರ: ಇವತ್ತೇ ನಿಮ್ಮ ಮೇಲ್ವಿಚಾರಕರಿಗೆ ಹೇಳಿ, ವಾರದ ಸಭೆಗೆ ಕಾಯಬೇಡಿ. ಸಮಾಜಕಾರ್ಯದ ಅಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ ಕೇಸ್ ವರ್ಕ್ ಸಂಬಂಧಕ್ಕೆ 1957ರಲ್ಲಿ ಕೊಟ್ಟ ಏಳು ತತ್ವಗಳಲ್ಲಿ ಗೋಪ್ಯತೆಯೂ ಒಂದು, ನಿಜ. ಆದರೆ ಪ್ರಾಣಾಪಾಯ, ಮತ್ತೊಬ್ಬರಿಗೆ ಹಾನಿ, ಮಕ್ಕಳ ಮೇಲಿನ ದೌರ್ಜನ್ಯ ಇವುಗಳ ಮುಂದೆ ಅದಕ್ಕೆ ಮಿತಿಯಿದೆ. ಸೇವಾರ್ಥಿಗೂ ಮುಚ್ಚಿಡಬೇಡಿ: 'ನಿಮ್ಮ ಬಗ್ಗೆ ಚಿಂತೆಯಾಗಿದೆ, ಇದನ್ನು ನಾನೊಬ್ಬನೇ ಇಟ್ಟುಕೊಳ್ಳಲು ಆಗುವುದಿಲ್ಲ, ನನ್ನ ಮೇಲ್ವಿಚಾರಕರ ಜೊತೆ ಮಾತಾಡುತ್ತೇನೆ' ಎನ್ನಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ತಪ್ಪು, ಕೇಳಬೇಕು. ಮುಂದೆ ಯಾರನ್ನೇ ಮೊದಲ ಬಾರಿ ಭೇಟಿಯಾದಾಗಲೂ ಈ ಮಿತಿಯನ್ನು ಆರಂಭದಲ್ಲೇ ತಿಳಿಸಿಬಿಡಿ.

ಪ್ರಶ್ನೆ: ಪ್ರಬಂಧಕ್ಕೆ 'ಮಹಿಳಾ ಸಬಲೀಕರಣ' ಎಂಬ ವಿಷಯ ಆರಿಸಿದ್ದೇನೆ. ಸ್ವಸಹಾಯ ಗುಂಪುಗಳ 60 ಜನರಿಗೆ ಪ್ರಶ್ನಾವಳಿ ಕೊಡುವ ಯೋಚನೆ. ಸರಿಯೇ?

ಉತ್ತರ: ಆ ವಿಷಯದಲ್ಲಿ ನೂರು ಪ್ರಬಂಧ ಹಿಡಿಸುತ್ತವೆ. 'ಗುಂಪಿನಿಂದ ಪಡೆದ ಸಾಲವನ್ನು ಹೇಗೆ ಖರ್ಚು ಮಾಡಬೇಕೆಂದು ಮನೆಯಲ್ಲಿ ತೀರ್ಮಾನಿಸುವವರು ಯಾರು' ಎಂದು ಕಿರಿದು ಮಾಡಿ. ಉದ್ದೇಶಗಳು ಮೂರು ಸಾಕು. ಪ್ರಶ್ನಾವಳಿಯ ಪ್ರತಿ ಪ್ರಶ್ನೆಯೂ ಆ ಮೂರರಲ್ಲಿ ಒಂದಕ್ಕೆ ಸೇರಬೇಕು, ಸೇರದಿದ್ದರೆ ತೆಗೆದುಹಾಕಿ. ಐದಾರು ಜನರ ಮೇಲೆ ಮೊದಲು ಪರೀಕ್ಷಿಸಿ, ಯಾವ ಪ್ರಶ್ನೆ ಅರ್ಥವಾಗುವುದಿಲ್ಲ ಎಂದು ತಿಳಿಯುತ್ತದೆ.

ದೊಡ್ಡ ಅಪಾಯ ಬೇರೆ ಇದೆ. ಗುಂಪು ನಡೆಸುವ ಸಂಸ್ಥೆಯ ಸಿಬ್ಬಂದಿ ಪಕ್ಕದಲ್ಲಿ ನಿಂತಿದ್ದರೆ 60ಕ್ಕೆ 60 ಜನವೂ 'ತುಂಬಾ ಅನುಕೂಲವಾಗಿದೆ' ಎನ್ನುತ್ತಾರೆ, ನಿಮ್ಮ ಕೋಷ್ಟಕಗಳು ಚೆಂದ ಕಾಣುತ್ತವೆ, ಹುರುಳಿರುವುದಿಲ್ಲ. ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸಿ. ಸಂಸ್ಥೆ ಕೊಟ್ಟ ಪಟ್ಟಿಯಿಂದಲೇ ಆರಿಸಿದ್ದರೆ ಫಲಿತಾಂಶ ಎಲ್ಲ ಮಹಿಳೆಯರಿಗೂ ಅನ್ವಯಿಸುತ್ತದೆ ಎಂದು ಬರೆಯಬೇಡಿ, ಮೌಖಿಕ ಪರೀಕ್ಷೆಯಲ್ಲಿ ಮೊದಲು ಸಿಕ್ಕಿಬೀಳುವುದು ಅಲ್ಲೇ. 60ರ ಬದಲು ಹತ್ತು ಆಳವಾದ ಸಂದರ್ಶನ ಮಾಡಲು ಮಾರ್ಗದರ್ಶಕರು ಒಪ್ಪಿದರೆ ಈ ವಿಷಯಕ್ಕೆ ಅದೇ ಒಗ್ಗುತ್ತದೆ. ಸಮಯದ ಲೆಕ್ಕ ಮಾತ್ರ ಈಗಲೇ ಹಾಕಿಕೊಳ್ಳಿ: ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ಸುಮಾರು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಧ್ವನಿ ಮುದ್ರಿಸಿಕೊಳ್ಳುವ ಮೊದಲು ಅವರ ಒಪ್ಪಿಗೆ ಬೇಕು, ನೈತಿಕ ಸಮಿತಿಯ ಅನುಮತಿ ಬೇಕಿದ್ದರೆ ಅರ್ಜಿಯನ್ನು ಹಿಂದಿನ ಸೆಮಿಸ್ಟರಿನಲ್ಲೇ ಹಾಕಿ.