ಅಯೋವಾಕ್ಕೆ ಹೊಸಬರಿಗೆ: ಸೆನೆಟರ್ ಗ್ರಾಸ್ಲಿ ಯಾರು, ಅವರ ಕಚೇರಿಯಿಂದ ಏನಾಗುತ್ತದೆ

ಸೀಡರ್ ರ‍್ಯಾಪಿಡ್ಸ್‌ಗೆ ಈಗಷ್ಟೇ ಬಂದಿರುವ ನೀವು ಎರಡು ವಿಷಯ ಕೇಳಿದ್ದೀರಿ: ಚಕ್ ಗ್ರಾಸ್ಲಿ ನಮ್ಮವರ, ಅಂದರೆ ಭಾರತೀಯರ ವಿರೋಧಿಯೇ? ಇಮಿಗ್ರೇಶನ್ ಅರ್ಜಿ ಎಲ್ಲೋ ಸಿಕ್ಕಿಕೊಂಡರೆ ಅವರ ಕಚೇರಿಗೆ ಹೋಗಬಹುದೇ? ಖಂಡಿತ ಹೋಗಬಹುದು. ನೀವು ಮತದಾರರಾಗಿರಬೇಕಿಲ್ಲ, ಅಯೋವಾದಲ್ಲಿ ವಾಸವಿದ್ದರೆ ಸಾಕು.

ವಿರೋಧಿಯೇ ಎಂಬುದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಗ್ರಾಸ್ಲಿ ಹುಟ್ಟಿದ್ದು 1933ರಲ್ಲಿ, ನ್ಯೂ ಹಾರ್ಟ್‌ಫರ್ಡ್‌ನಲ್ಲಿ. ಬೆಳೆದದ್ದು ಹೊಲದ ಮನೆಯಲ್ಲಿ. 1959ರಲ್ಲಿ ರಾಜ್ಯದ ಶಾಸನಸಭೆಯ ಸದಸ್ಯರಾದ ಮೇಲೂ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಕೆಲಸ, ಆಮೇಲೆ ಅಸೆಂಬ್ಲಿ ಲೈನಿನ ಕೆಲಸ ಮಾಡಿದರು, ಯೂನಿಯನ್ ಸದಸ್ಯರೂ ಆಗಿದ್ದರು. 1975ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ, 1981ರಿಂದ ಸೆನೆಟ್. ಪಕ್ಕಾ ಸಂಪ್ರದಾಯವಾದಿ ರಿಪಬ್ಲಿಕನ್: 2016ರಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದಾಗ, ಒಬಾಮ ಸುಪ್ರೀಂ ಕೋರ್ಟಿಗೆ ಹೆಸರಿಸಿದ ಮೆರಿಕ್ ಗಾರ್ಲೆಂಡ್ ಅವರ ನೇಮಕದ ವಿಚಾರಣೆಯನ್ನೇ ನಡೆಸಲಿಲ್ಲ. ಆದರೂ ಅವರ ಅತಿ ದೊಡ್ಡ ಕೆಲಸ 1986ರ ಫಾಲ್ಸ್ ಕ್ಲೇಮ್ಸ್ ಆಕ್ಟ್ ತಿದ್ದುಪಡಿ ಎಂದೇ ನನ್ನ ಅಭಿಪ್ರಾಯ. ಸರ್ಕಾರಕ್ಕೆ ಸುಳ್ಳು ಬಿಲ್ ಹಾಕಿದವರ ಮೇಲೆ ದಾವೆ ಹೂಡಿದ ಸಾಮಾನ್ಯ ಮನುಷ್ಯನಿಗೆ, ವಸೂಲಾದ ಹಣದಲ್ಲಿ ಶೇ. 15ರಿಂದ 30ರವರೆಗೆ ಪಾಲು ಸಿಗುವುದು ಆ ತಿದ್ದುಪಡಿಯಿಂದಲೇ.

ವೀಸಾ ವಿಷಯದಲ್ಲೂ ಅವರಿಗೆ ಕಾಣುವುದು ದುರುಪಯೋಗವೇ. ಡೆಮಾಕ್ರಟ್ ಡಿಕ್ ಡರ್ಬಿನ್ ಜೊತೆ ಸೇರಿ 2007ರಿಂದ ಮತ್ತೆ ಮತ್ತೆ ಮಂಡಿಸುತ್ತಿರುವ ಮಸೂದೆಯ ತಿರುಳು ಇಷ್ಟು: 50ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಚ್-1ಬಿ (ಪರಿಣತ ಕೆಲಸಗಾರರ ವೀಸಾ), ಎಲ್-1 (ಅದೇ ಕಂಪನಿಯ ಹೊರದೇಶದ ಕಚೇರಿಯಿಂದ ಬರುವವರ ವೀಸಾ) ಇರುವವರೇ ಆಗಿದ್ದರೆ ಮತ್ತೆ ಎಚ್-1ಬಿಯವರನ್ನು ಸೇರಿಸಿಕೊಳ್ಳುವಂತಿಲ್ಲ. ಅದು ಇನ್ನೂ ಕಾಯ್ದೆಯಾಗಿಲ್ಲ. ಗ್ರೀನ್ ಕಾರ್ಡಿನ ದೇಶವಾರು ಮಿತಿ ತೆಗೆಯುವ ಮಸೂದೆ 2011ರಲ್ಲಿ ಕೆಳಮನೆಯಲ್ಲಿ 389–15 ಮತಗಳಿಂದ ಗೆದ್ದಾಗ, ಸೆನೆಟ್‌ನಲ್ಲಿ ತಡೆದವರೂ ಇವರೇ. ಮರುವರ್ಷ ತಡೆ ತೆಗೆದರು, ಮಸೂದೆ ಮಾತ್ರ ಮುಂದೆ ಸಾಗಲಿಲ್ಲ. ಆ ಮಿತಿಯಿಂದಾಗಿ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವ ನಮ್ಮವರಿಗೆ ಇದು ನೋವಿನ ಸಂಗತಿಯೇ.

ಇನ್ನು ಕಚೇರಿಯ ಕೆಲಸ. ಮೊದಲು ಇಮಿಗ್ರೇಶನ್ ಅರ್ಜಿಗಳನ್ನು ನೋಡುವ ಇಲಾಖೆಯಾದ ಯುಎಸ್‌ಸಿಐಎಸ್‌ನ ಜಾಲತಾಣದಲ್ಲಿ ನಿಮ್ಮ ಫಾರ್ಮಿಗೆ ತೋರಿಸುವ ಅವಧಿ ಮೀರಿದೆಯೇ ನೋಡಿ. ಮೀರದಿದ್ದರೆ 'ಕಾಯಿರಿ' ಅಂತಲೇ ಉತ್ತರ ಬರುತ್ತದೆ. ಆಮೇಲೆ ಸೆನೆಟರ್ ಜಾಲತಾಣದಲ್ಲಿರುವ ಪ್ರೈವಸಿ ರಿಲೀಸ್ ಫಾರ್ಮ್ (ನಿಮ್ಮ ಕಡತದ ಬಗ್ಗೆ ವಿಚಾರಿಸಲು ಒಪ್ಪಿಗೆ ಪತ್ರ) ತುಂಬಿ. ಪಾಸ್‌ಪೋರ್ಟಿನಲ್ಲಿರುವ ಹಾಗೇ ಹೆಸರು, ಹುಟ್ಟಿದ ದಿನಾಂಕ, ಮೂರು ಅಕ್ಷರ ಹತ್ತು ಅಂಕಿಯ ರಸೀದಿ ಸಂಖ್ಯೆ, ಸಹಿ ಬೇಕು. 1974ರ ಪ್ರೈವಸಿ ಆಕ್ಟ್ ಇರುವುದರಿಂದ ಸಹಿ ಇಲ್ಲದೆ ಅವರು ನಿಮ್ಮ ಕಡತದ ಬಗ್ಗೆ ವಿಚಾರಿಸಲಾರರು.

ಬಹಳ ಜನ ಎಡವುವುದು ಯಾರು ಸಹಿ ಹಾಕಬೇಕು ಎಂಬಲ್ಲಿ. ಐ-129 (ಕೆಲಸದ ವೀಸಾ), ಐ-140 (ಕೆಲಸದ ಆಧಾರದ ಗ್ರೀನ್ ಕಾರ್ಡಿನ ಮೊದಲ ಹಂತ) ಅರ್ಜಿಗಳ ಅರ್ಜಿದಾರ ಸಾಮಾನ್ಯವಾಗಿ ನೀವಲ್ಲ, ನಿಮ್ಮ ಕಂಪನಿ. ಹಾಗಾಗಿ ಕಂಪನಿಯವರ ಸಹಿಯೇ ಬೇಕು. ಗ್ರೀನ್ ಕಾರ್ಡಿಗೆ ನೀವೇ ಹಾಕುವ ಐ-485 ಆದರೆ ನಿಮ್ಮ ಸಹಿ ನಡೆಯುತ್ತದೆ. ನಿಂತ ಕಡತದ ಸ್ಥಿತಿ ಏನೆಂದು ಕಚೇರಿ ಕೇಳಿ ತಿಳಿಸುತ್ತದೆ. ತೀರ್ಪು ಬದಲಿಸುವುದಾಗಲಿ, ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ) ಮುಂದೆ ತರುವುದಾಗಲಿ ಅವರ ಕೈಲಿಲ್ಲ. ಒಂದೇ ಸಮಸ್ಯೆಯನ್ನು ಇಬ್ಬರು ಸೆನೆಟರ್‌ಗಳಿಗೂ ಬರೆಯಬೇಡಿ. ಎರಡು ಕಡೆ ವಿಚಾರಣೆ ಶುರುವಾಗಿ ಕೆಲಸ ಇನ್ನಷ್ಟು ತಡವಾಗುತ್ತದೆ.